ಆ್ಯಪ್ ಕೊಳ್ಳುವ ಮೊದಲು ಗುರಿ ಯಾವುದಕ್ಕೆ? ಉತ್ತರ ಕನ್ನಡದ ಕಟ್ಟಡ ಗುತ್ತಿಗೆದಾರರಿಗೆ ಒಂದು ಹೋಲಿಕೆ

ಜೂನ್ ಬಂತೆಂದರೆ ನಮ್ಮ ಜಿಲ್ಲೆಯಲ್ಲಿ ಕಟ್ಟಡದ ಕೆಲಸ ಮಾಡಿನ ಅಡಿಗೆ ಸೇರುತ್ತದೆ. ಪಾಯ ತೋಡುವಂತಿಲ್ಲ, ಸ್ಲ್ಯಾಬ್ ಹಾಕುವಂತಿಲ್ಲ. ಒಳಗಿನ ಗಾರೆ, ಟೈಲ್ಸು, ವೈರಿಂಗು ನಡೆಯುತ್ತಿರುತ್ತದೆ. ಗುತ್ತಿಗೆದಾರರಿಗೆ ಕೂತು ಯೋಚಿಸಲು ಪುರುಸೊತ್ತು ಸಿಗುವುದೂ ಆಗಲೇ. ಈ ಮಳೆಗಾಲದಲ್ಲಿ ಮೂವರು ನನ್ನ ಹತ್ತಿರ ಬಂದು ಹೆಚ್ಚುಕಡಿಮೆ ಒಂದೇ ಮಾತು ಕೇಳಿದರು.

ಶಿರಸಿಯವರೊಬ್ಬರು ಒಟ್ಟೊಟ್ಟಿಗೆ ನಾಲ್ಕೈದು ಮನೆ ಕಟ್ಟಿಸುವವರು. ಆ್ಯಪ್ ಹಾಕಿಸೋಣ ಎಂದು ಓದಿ ಬಂದ ಮಗ ದುಂಬಾಲು ಬಿದ್ದಿದ್ದಾನೆ. “ಹಾಕ್ಸೋಕೆ ಅಡ್ಡಿಲ್ಲ ಮಾರಾಯ್ರೆ, ಆದ್ರೆ ಅದ್ರಿಂದ ಎಂತ ಆಯ್ತು ಅಂತ ವರ್ಷದ ಕೊನೆಗೆ ಗೊತ್ತಾಗೋದು ಹೆಂಗೆ?” ಎಂದರು. ಕಾರವಾರದವರು ರಸ್ತೆ, ಮೋರಿ, ಶಾಲೆ ಕಟ್ಟಡ ಎಂದು ಸರ್ಕಾರಿ ಕಾಮಗಾರಿ ಹಿಡಿಯುವವರು. ಅವರ ಚಿಂತೆ ಪೂರ್ತಿ ಬಿಲ್ಲಿನದು. ಹೊನ್ನಾವರದವರು ಹನ್ನೆರಡು ಮನೆಗಳ ಅಪಾರ್ಟ್‌ಮೆಂಟ್ ಎಬ್ಬಿಸುತ್ತಿದ್ದಾರೆ, ಕೊಳ್ಳುವವರಿಗೆ ಕೊಟ್ಟ ತಾರೀಖು ಎದುರಿಗೆ ನಿಂತಿದೆ.

ಡಿಜಿಟಲ್ ಆಗಬೇಕೋ ಬೇಡವೋ ಎಂಬ ಚರ್ಚೆಗೆ ಈಗ ಅರ್ಥವಿಲ್ಲ. ಸರ್ಕಾರಿ ಟೆಂಡರ್ ಹಾಕುವುದು ರಾಜ್ಯ ಸರ್ಕಾರದ ಖರೀದಿ ಜಾಲತಾಣವಾದ ಕೆಪಿಪಿಪಿ ಪೋರ್ಟಲಿನಲ್ಲಿ. ಗೋವಾದಿಂದ ಗಡಿ ದಾಟಿ 50,000 ರೂಪಾಯಿ ಮೀರಿದ ಸರಕು ಬಂದರೆ ಇ-ವೇ ಬಿಲ್ ಬೇಕು. ವಹಿವಾಟು 5 ಕೋಟಿ ದಾಟಿದ ಕಂಪನಿಗಳಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯವಾಗಿದೆ. ಅವೆಲ್ಲ ಕಾನೂನು ನಮ್ಮಿಂದ ಮಾಡಿಸಿದ್ದು. ನಮ್ಮ ಸ್ವಂತ ಲಾಭಕ್ಕಾಗಿ ಸೈಟಿನ ಒಳಗೆ ಏನು ಬದಲಾಗಬೇಕು, ಅದು ಬದಲಾಯಿತೆಂದು ಯಾವ ಅಂಕಿ ಹೇಳಬೇಕು ಎಂಬುದೇ ಇಲ್ಲಿ ತೂಗಬೇಕಾದದ್ದು. ಹೆಚ್ಚಿನವರು ಮೊದಲು ಸಾಫ್ಟ್‌ವೇರ್ ಆರಿಸಿ ಆಮೇಲೆ ಅದಕ್ಕೊಂದು ಗುರಿ ಹುಡುಕುತ್ತಾರೆ. ಅದು ಚಪ್ಪಲಿ ಕೊಂಡ ಮೇಲೆ ಕಾಲಿನ ಅಳತೆ ತೆಗೆದ ಹಾಗೆ.

ತೂಗುವ ಮೊದಲು ಒರೆಗಲ್ಲು

ಯಾವುದೇ ಗುರಿಯನ್ನು ನಾನು ಐದು ಪ್ರಶ್ನೆಗೆ ಒಡ್ಡಿ ನೋಡುತ್ತೇನೆ.

ಮೊದಲನೆಯದು, ಹಳೆಯ ಅಂಕಿ ಸಿಗುತ್ತದೆಯೇ? ಕಳೆದ ಸೀಸನ್ನಿನಲ್ಲಿ ಇದು ಎಷ್ಟಿತ್ತು ಎಂದು ನಿಮ್ಮ ಹಳೆಯ ಪುಸ್ತಕ, ಚಲನ್ನು, ವಾಟ್ಸಾಪ್ ಸಂದೇಶಗಳಿಂದ ಲೆಕ್ಕ ಹಾಕಲು ಆಗಬೇಕು. ಆಗದಿದ್ದರೆ ಮುಂದಿನ ವರ್ಷ ‘ಸುಧಾರಿಸಿತು’ ಎನ್ನುವುದು ಬರೀ ಅನಿಸಿಕೆ.

ಎರಡನೆಯದು, ಬರೆಯುವವನ ಹೊತ್ತು. ಐದು ಸೈಟು, ಪ್ರತಿ ಸೈಟಿನಲ್ಲಿ ದಿನಕ್ಕೆ ಹತ್ತು ನಿಮಿಷ, ತಿಂಗಳಿಗೆ 26 ದಿನ ಎಂದರೆ 1,300 ನಿಮಿಷ, ಸುಮಾರು 22 ತಾಸು. ಅಷ್ಟು ಹೊತ್ತು ನಿಮ್ಮ ಸೂಪರ್‌ವೈಸರುಗಳು ಕೆಲಸದ ಮೇಲಿಂದ ಕಣ್ಣು ತೆಗೆದಿರುತ್ತಾರೆ. ಅದರ ಮೇಲೆ ನಮ್ಮ ಮಳೆ. ಒದ್ದೆ ಬೆರಳಿಗೆ ಫೋನಿನ ಪರದೆ ಓಗೊಡುವುದಿಲ್ಲ. ಘಟ್ಟದ ಮೇಲಿನ ಎಷ್ಟೋ ಹಳ್ಳಿಗಳಲ್ಲಿ ಸಿಗ್ನಲ್ ಬೇಕೆಂದರೆ ರಸ್ತೆಗೆ ಹತ್ತಿ ಬರಬೇಕು. ನೆಟ್‌ವರ್ಕ್ ಇಲ್ಲದಾಗ ಬರೆದಿಟ್ಟುಕೊಂಡು ಆಮೇಲೆ ಕಳಿಸದ ಆ್ಯಪ್ ಇಲ್ಲಿ ಒಂದು ವಾರವೂ ನಿಲ್ಲದು.

ಮೂರನೆಯದು, ಕೆಲಸ ನೋಡದೆ ಕೂತಲ್ಲೇ ಆ ಅಂಕಿಯನ್ನು ಸುಳ್ಳು ಬರೆದುಬಿಡಲು ಎಷ್ಟು ಸುಲಭ? ನಾಲ್ಕನೆಯದು, ಅಂಕಿ ಕೆಟ್ಟಿತೆಂದರೆ ನಾಳೆ ಬೆಳಿಗ್ಗೆ ಏನು ಮಾಡಬೇಕೆಂದು ಹೊಳೆಯುತ್ತದೆಯೇ, ಮತ್ತು ಅದು ನಮ್ಮ ಕೈಯಲ್ಲಿದೆಯೇ? ಐದನೆಯದು, ಒಂದು ಸೀಸನ್ನಿನ ಒಳಗೆ, ಅಂದರೆ ಅಕ್ಟೋಬರಿನಿಂದ ಮೇ ಒಳಗೆ, ಅದರಿಂದ ರೂಪಾಯಿ ಉಳಿಯುತ್ತದೆಯೇ ಅಥವಾ ಕಟ್ಟಡದ ಆಯುಷ್ಯ ಹೆಚ್ಚುತ್ತದೆಯೇ?

‘ಎಲ್ಲರೂ ಆ್ಯಪ್ ಬಳಸಬೇಕು’

ಮಾರಾಟಕ್ಕೆ ಬರುವವರು ಮೊದಲು ಹೇಳಿಕೊಡುವ ಗುರಿ ಇದೇ. ದಿನದ ವರದಿ ನೂರಕ್ಕೆ ನೂರು, ಎಲ್ಲ ಸೈಟಿನಿಂದ ಫೋಟೊ, ಎಲ್ಲರ ಹಾಜರಿ ಮೊಬೈಲಿನಲ್ಲಿ. ಈ ಗುರಿಯ ಬೆನ್ನು ನಾನೇ ಒಮ್ಮೆ ಹತ್ತಿದ್ದೆ, ಅದನ್ನು ಬಿಡಿಸಿ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಕುಮಟಾ ಹತ್ತಿರದ ಒಂದು ಕೆಲಸದಲ್ಲಿ ನಾನು ಸೈಟ್ ಎಂಜಿನಿಯರ್. ಮೂರು ತಿಂಗಳಲ್ಲಿ ದಿನದ ವರದಿ ನೂರಕ್ಕೆ ನೂರು ಆಗಬೇಕೆಂದು ಕಚೇರಿಯಿಂದ ಗುರಿ ಬಂತು. ಎರಡೇ ತಿಂಗಳಲ್ಲಿ ಮುಟ್ಟಿದೆವು, ಎಲ್ಲರಿಗೂ ಸಂತೋಷ. ಜುಲೈಯಲ್ಲಿ ಒಂದು ಬೆಳಿಗ್ಗೆ ಗಾರೆಗೆ ಸಿಮೆಂಟು ತೆಗೆಯಲು ಶೆಡ್ಡಿಗೆ ಹೋದೆ. ಗೋಡೆಗೆ ತಾಗಿಸಿ ಒಟ್ಟಿದ್ದ ಸಾಲಿನ ಮೇಲೆ ತಗಡಿನ ಸಂದಿನಿಂದ ನೀರು ಇಳಿದಿತ್ತು. ಚೀಲದ ಮೇಲೆ ಗೆಣ್ಣಿನಿಂದ ಬಡಿದೆ, ಚಿರೇಕಲ್ಲಿಗೆ ಬಡಿದ ಸದ್ದು. ಮೂಲೆ ಒಡೆದು ನೋಡಿದರೆ ಒಳಗೆ ಪುಡಿಯೇ ಇಲ್ಲ. ಅಂಥವು ಇಪ್ಪತ್ತೆರಡು ಚೀಲ. ಆ್ಯಪ್ ತೆಗೆದು ಹಿಂದಿನ ಮೂರು ವಾರ ನೋಡಿದೆ. ದಿನವೂ ‘ಸ್ಟಾಕ್ ಸರಿ ಇದೆ’. ಸೂಪರ್‌ವೈಸರು ರಾತ್ರಿ ಊಟವಾದ ಮೇಲೆ ರೂಮಿನಲ್ಲಿ ಕೂತು ನಿನ್ನೆಯ ವರದಿಯನ್ನೇ ಇವತ್ತಿಗೆ ಕಳಿಸುತ್ತಿದ್ದ. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ನಾವು ಕೇಳಿದ್ದು ವರದಿಯನ್ನು, ಅವನು ಕೊಟ್ಟಿದ್ದೂ ವರದಿಯನ್ನೇ. ಶೆಡ್ಡಿನಲ್ಲಿ ಚೀಲ ಹೇಗಿದೆ ಎಂದು ಯಾರೂ ಕೇಳಿರಲಿಲ್ಲ.

ಒರೆಗಲ್ಲಿಗೆ ಹಚ್ಚಿದರೆ, ಈ ಗುರಿಗೆ ಹಳೆಯ ಅಂಕಿ ಇಲ್ಲ, ಸುಳ್ಳು ಬರೆಯುವುದು ಅತಿ ಸುಲಭ, ಕೆಟ್ಟರೆ ‘ಇನ್ನಷ್ಟು ಬರೆಯಿರಿ’ ಎನ್ನುವುದು ಬಿಟ್ಟರೆ ಮಾಡುವಂಥದ್ದೇನೂ ಇಲ್ಲ. ಮೊದಲ ಒಂದು ತಿಂಗಳು ಜನ ಕೈಪಳಗಿಸಿಕೊಳ್ಳಲಿ ಎಂದು ಗಮನಿಸಬಹುದು, ಅಷ್ಟೆ. ಬೆರಳಚ್ಚಿನ ಹಾಜರಿ ಯಂತ್ರದ ಕತೆಯೂ ಇಲ್ಲಿಯೇ ಬರುತ್ತದೆ. ಗಾರೆ ಕೆಲಸದವರ ಬೆರಳ ತುದಿ ಸಿಮೆಂಟಿಗೆ ಸವೆದಿರುತ್ತದೆ, ಯಂತ್ರ ಅವರನ್ನೇ ಗುರುತಿಸುವುದಿಲ್ಲ. ಬಟವಾಡೆಯ ದಿನ ಜಗಳ. ಮೇಸ್ತ್ರಿಯ ಹಾಜರಿ ಪುಸ್ತಕದ ಪುಟವನ್ನು ದಿನಕ್ಕೊಂದು ಫೋಟೊ ತೆಗೆದಿಟ್ಟರೆ ಅದಕ್ಕಿಂತ ವಾಸಿ.

ಬಿಲ್ಲಿನ ದಿನಗಳು

ಸರ್ಕಾರಿ ಕೆಲಸ ಮಾಡುವವರಿಗೆ ನಾನು ಮೊದಲು ತೋರಿಸುವುದು ಇದನ್ನು. ಕೆಲಸದ ಒಂದು ಹಂತ ಮುಗಿದ ದಿನದಿಂದ ದುಡ್ಡು ಖಾತೆಗೆ ಬೀಳುವವರೆಗೆ ಎಷ್ಟು ದಿನ ಎಂದು ಎಲ್ಲರೂ ಲೆಕ್ಕ ಹಿಡಿಯುತ್ತಾರೆ, ಹಿಡಿದು ನಿಟ್ಟುಸಿರು ಬಿಡುತ್ತಾರೆ. ಆ ಅಂಕಿಯನ್ನು ಎರಡಾಗಿ ಒಡೆಯಬೇಕು. ಕೆಲಸ ಮುಗಿದು, ಅಳತೆಯಾಗಿ, ನಾವು ಬಿಲ್ ಸಲ್ಲಿಸುವವರೆಗಿನದು ಒಂದು. ಸಲ್ಲಿಸಿದ ಮೇಲೆ ಪಾಸಾಗಿ ಹಣ ಬರುವವರೆಗಿನದು ಇನ್ನೊಂದು. ಎರಡನೆಯದು ಅನುದಾನ, ಮೇಲಿನ ಸಹಿ, ಮಾರ್ಚ್ ತಿಂಗಳ ಗಡಿಬಿಡಿ ಇವುಗಳ ಕೈಯಲ್ಲಿದೆ. ಅದಕ್ಕೆ ಗುರಿ ಇಟ್ಟರೆ ನಮ್ಮ ಹುಡುಗರಿಗೆ ನಿರಾಸೆ ಬಿಟ್ಟರೆ ಬೇರೇನೂ ಸಿಗದು. ಮೊದಲನೆಯದರಲ್ಲಿ ದೊಡ್ಡ ಪಾಲು ನಮ್ಮದು.

ಕಾರವಾರದವರ ಕಡತ ಬಿಚ್ಚಿ ಕೂತಾಗ ಅವರಿಗೇ ಆಶ್ಚರ್ಯವಾಯಿತು. ತಡವೆಲ್ಲ ಕಚೇರಿಯಲ್ಲಿ ಆಗುತ್ತಿದೆ ಎಂದು ಅವರು ನಂಬಿದ್ದರು. ನೋಡಿದರೆ, ಮಣ್ಣು ಮುಚ್ಚಿಹೋದ ಪಾಯದ ಅಳತೆಗೆ ಫೋಟೊ ಇರಲಿಲ್ಲ, ಹೆಚ್ಚುವರಿ ಕೆಲಸಕ್ಕೆ ಬಾಯಿಮಾತಿನ ಒಪ್ಪಿಗೆ ಬಿಟ್ಟರೆ ಕಾಗದವಿರಲಿಲ್ಲ, ಕಾಂಕ್ರೀಟಿನ ಬಲ ನೋಡುವ ಕ್ಯೂಬ್ ಪರೀಕ್ಷೆಯ ವರದಿ ಲ್ಯಾಬಿನಿಂದ ಯಾರೂ ತಂದಿರಲಿಲ್ಲ. ಇಲಾಖೆಯ ಅಳತೆ ಪುಸ್ತಕದಲ್ಲಿ (ಎಂ.ಬಿ.) ಅಳತೆ ಏರುವ ಮುಂಚೆಯೇ ಬಿಲ್ಲು ನಮ್ಮ ಅಂಗಳದಲ್ಲಿ ಕಾಲು ಮುರಿದು ಕೂತಿತ್ತು.

ರೂಪಾಯಿಯಲ್ಲಿ ನೋಡಿ. ಇಪ್ಪತ್ತು ಲಕ್ಷದ ಬಿಲ್ಲು, ವರ್ಷಕ್ಕೆ ಶೇ. 12ರ ಬಡ್ಡಿಯ ಸಾಲದ ಮೇಲೆ ಕೆಲಸ ನಡೆದಿದೆ ಎಂದಿಟ್ಟುಕೊಳ್ಳಿ. ತಿಂಗಳಿಗೆ 20,000 ಬಡ್ಡಿ. ಸಲ್ಲಿಸಲು 45 ದಿನ ಹಿಡಿದರೆ 30,000. ಅದನ್ನು 15 ದಿನಕ್ಕೆ ಇಳಿಸಿದರೆ ಒಂದೊಂದು ಬಿಲ್ಲಿಗೆ 20,000 ಉಳಿಯಿತು. ಇದಕ್ಕೆ ಬೇಕಾದ ಡಿಜಿಟಲ್ ಸಾಧನ ದುಬಾರಿಯೇನಲ್ಲ. ಮುಚ್ಚಿಹೋಗುವ ಕೆಲಸದ ದಿನಾಂಕವಿರುವ ಫೋಟೊ, ಟೇಪು ಕಾಣುವ ಹಾಗೆ, ಕಾಮಗಾರಿಗೊಂದು ಫೋಲ್ಡರು, ಬಿಲ್ಲಿಗೆ ಬೇಕಾದ ಕಾಗದಗಳ ಒಂದು ಪಟ್ಟಿ ಗೂಗಲ್ ಶೀಟಿನಲ್ಲಿ. ತಾರೀಖು ಬಿಲ್ಲಿನ ಮೇಲೆಯೇ ಇರುವುದರಿಂದ ಸುಳ್ಳಿಗೆ ಜಾಗ ಕಡಿಮೆ, ಹಳೆಯ ಅಂಕಿಯೂ ಕಡತದಲ್ಲೇ ಇದೆ. ಮನೆ ಕಟ್ಟುವವರಿಗೆ ಮಾತ್ರ ಇದರಿಂದ ಹೆಚ್ಚೇನಿಲ್ಲ. ಶಿರಸಿ, ಸಿದ್ದಾಪುರ ಕಡೆ ಎಷ್ಟೋ ಯಜಮಾನರು ಕಂತು ಕೊಡುವುದು ಅಡಕೆ ಮಾರಿದ ಮೇಲೆ. ನೀವು ಬಿಲ್ಲನ್ನು ಅದೇ ದಿನ ಕಳಿಸಿದರೂ ಸೊಸೈಟಿಯಿಂದ ಅವರಿಗೆ ದುಡ್ಡು ಬಾರದೆ ನಿಮಗೆ ಬರದು.

ಸಾಮಗ್ರಿಯ ತಾಳೆ

ಮನೆ ಕೆಲಸದವರಿಗೆ ಹಣ ಸೋರುವುದು ಇಲ್ಲಿ. ಆಗಬೇಕಾದ ಖರ್ಚಿಗೂ ಆದ ಖರ್ಚಿಗೂ ಎಷ್ಟು ವ್ಯತ್ಯಾಸ ಎಂಬುದೇ ಅಳತೆ. ತಿಂಗಳಿಗೊಮ್ಮೆ ಒಟ್ಟು ಸೇರಿಸಿ ನೋಡಿದರೆ ಎಲ್ಲಿ ತಪ್ಪಿತೆಂದು ತಿಳಿಯುವುದಿಲ್ಲ. ಕೆಲಸದ ತುಂಡು ತುಂಡಿಗೆ ನೋಡಬೇಕು, ಅದರಲ್ಲೂ ಸ್ಲ್ಯಾಬಿಗೆ.

ಸಾವಿರ ಚದರ ಅಡಿಯ, ಐದು ಇಂಚಿನ ಸ್ಲ್ಯಾಬ್ ತೆಗೆದುಕೊಳ್ಳಿ. ತೊಲೆ ಬಿಟ್ಟು ಸುಮಾರು 11.8 ಘನ ಮೀಟರ್ ಕಾಂಕ್ರೀಟು. ಸಿಮೆಂಟು, ಮರಳು, ಜಲ್ಲಿ 1:1.5:3ರ ಮಿಶ್ರಣಕ್ಕೆ ಘನ ಮೀಟರಿಗೆ ಹತ್ತಿರ ಹತ್ತಿರ 8 ಚೀಲ, ಅಂದರೆ 94 ಚೀಲ ಸಿಮೆಂಟು ಹೋಗಬೇಕು. ಸಂಜೆ ಖಾಲಿ ಚೀಲ ಎಣಿಸಿದಾಗ 105 ಇದ್ದರೆ ಶೇ. 12ರಷ್ಟು ಹೆಚ್ಚು. ಯಾಕೆ? ಸೆಂಟ್ರಿಂಗ್ ಹಲಗೆ ಕುಸಿದು ಸ್ಲ್ಯಾಬು ಅಲ್ಲಲ್ಲಿ ಐದೂವರೆ ಇಂಚಾಗಿರಬಹುದು, ಸಂದಿನಿಂದ ಸಿಮೆಂಟಿನ ಹಾಲು ಸೋರಿರಬಹುದು, ಡಬ್ಬಿ ಅಳತೆ ತಪ್ಪಿರಬಹುದು, ಹತ್ತು ಚೀಲ ಬೇರೆ ಸೈಟಿಗೆ ಹೋಗಿರಬಹುದು. ಪ್ರತಿಯೊಂದಕ್ಕೂ ಮರುದಿನವೇ ಮಾಡುವ ಕೆಲಸ ಇದೆ. ಈ ಅಂಕಿಯ ದೊಡ್ಡ ಗುಣ ಅದು.

ಇದೇ ಶಿಸ್ತು ಕಬ್ಬಿಣಕ್ಕೂ. ರಾಡಿನ ದಪ್ಪವನ್ನು ಮಿಲಿಮೀಟರಿನಲ್ಲಿ ವರ್ಗ ಮಾಡಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಸಿಗುತ್ತದೆ. 12 ಮಿ.ಮೀ. ರಾಡು, 12 ಮೀಟರ್ ಉದ್ದ, ತೂಕ 10.67 ಕಿಲೋ. ರಾಡಿನ ಭಾರತೀಯ ಮಾನಕ ಐಎಸ್ 1786 ಈ ದಪ್ಪಕ್ಕೆ ಒಟ್ಟು ರಾಶಿಯಲ್ಲಿ ಶೇ. 5ರಷ್ಟು ಹೆಚ್ಚುಕಡಿಮೆಯನ್ನು ಒಪ್ಪುತ್ತದೆ. ಲಾರಿ ಇಳಿಸುವಾಗ ರಾಡು ಎಣಿಸಿ, ತೂಕದ ಚೀಟಿಗೆ ತಾಳೆ ಹಾಕಿ. ಮೊದಲ ತಾಳೆಯಲ್ಲೇ ಹೊಸ ಸಂಗತಿಗಳು ಕಾಣುತ್ತವೆ. ಚಿರೇಕಲ್ಲಿಗೂ ಅಷ್ಟೆ: ಲೋಡಿನಲ್ಲಿ ಬಂದದ್ದು ಎಷ್ಟು, ಇಳಿಸುವಾಗ ಮೂಲೆ ಮುರಿದದ್ದು ಎಷ್ಟು, ಗೋಡೆಗೆ ಏರಿದ್ದು ಎಷ್ಟು.

ಕಷ್ಟ ಎಲ್ಲಿದೆ ಎಂದರೆ, ‘ಆಗಬೇಕಾದ’ ಅಂಕಿಯನ್ನು ಯಾರೋ ಒಬ್ಬರು ಕೂತು ಪ್ರತಿ ಕೆಲಸಕ್ಕೂ ಮೊದಲೇ ತೆಗೆದಿಡಬೇಕು. ಅದು ಎಂಜಿನಿಯರ್ ಕೆಲಸ, ಆ್ಯಪ್ ತಾನಾಗಿ ಮಾಡಿಕೊಡುವುದಿಲ್ಲ. ಕರಾವಳಿಯಲ್ಲಿ ಲ್ಯಾಬಿನಿಂದ ಮಿಶ್ರಣದ ಪ್ರಮಾಣ ಗೊತ್ತುಮಾಡಿಸಿದ (ಮಿಕ್ಸ್ ಡಿಸೈನ್) ಕಾಂಕ್ರೀಟಿಗೆ ಲ್ಯಾಬಿನ ವರದಿಯಲ್ಲಿರುವ ಸಿಮೆಂಟಿನ ಪ್ರಮಾಣವನ್ನೇ ಹಿಡಿಯಬೇಕು, ಎಂಟು ಚೀಲದ ಲೆಕ್ಕ ಅಲ್ಲಿ ನಡೆಯದು. ಇನ್ನೊಂದು ಅಪಾಯ: ಚೀಲ ಕಡಿಮೆ ತೋರಿಸಿದವನಿಗೆ ಬಹುಮಾನ ಇಟ್ಟರೆ ಕಾಂಕ್ರೀಟಿನಲ್ಲೇ ಸಿಮೆಂಟು ಕಡಿಮೆಯಾಗುತ್ತದೆ. ಆದ್ದರಿಂದ ಗುರಿಗೆ ಎರಡೂ ಕಡೆ ಬೇಲಿ ಬೇಕು. ಹೆಚ್ಚಾದರೂ ವಿಚಾರಿಸಿ, ಲೆಕ್ಕಕ್ಕಿಂತ ಕಡಿಮೆಯಾದರೂ ಅಷ್ಟೇ ಗಟ್ಟಿಯಾಗಿ ವಿಚಾರಿಸಿ.

ಶೆಡ್ಡಿನ ಚೀಲಗಳಿಗೂ ಒಂದು ಸಣ್ಣ ಅಂಕಿ ಇಡಿ: ಬಂದು ಮೂರು ತಿಂಗಳು ದಾಟಿದ ಚೀಲ ಎಷ್ಟಿವೆ? ಅಷ್ಟು ಹಳೆಯದನ್ನು ಮತ್ತೆ ಪರೀಕ್ಷಿಸದೆ ಬಳಸಬಾರದು. ಗುರಿ ಸೊನ್ನೆ. ಆ ಇಪ್ಪತ್ತೆರಡು ಚೀಲದ ನಂತರ ನಾನಿರುವ ಎಲ್ಲ ಸೈಟಿನಲ್ಲೂ ಚೀಲಗಳನ್ನು ಗೋಡೆಯಿಂದ ಒಂದಡಿ ಬಿಟ್ಟು, ಹಲಗೆಯ ಮೇಲೆ, ಬಂದ ತಾರೀಖಿನ ಚೀಟಿ ಸಿಕ್ಕಿಸಿಯೇ ಒಟ್ಟುತ್ತೇವೆ.

ವಾರದ ಮಾತು

ಅಪಾರ್ಟ್‌ಮೆಂಟಿನವರಿಗೆ, ತಾರೀಖಿಗೆ ಕಟ್ಟುಬಿದ್ದವರಿಗೆ ಇದು ತಕ್ಕದ್ದು. ಅಮೆರಿಕದ ಗ್ಲೆನ್ ಬಲ್ಲಾರ್ಡ್ ಮತ್ತು ಗ್ರೆಗ್ ಹೊವೆಲ್ 1990ರ ದಶಕದಲ್ಲಿ ರೂಪಿಸಿದ ‘ಲಾಸ್ಟ್ ಪ್ಲ್ಯಾನರ್’ ಪದ್ಧತಿಯ ತಿರುಳು ಸರಳ. ಸೋಮವಾರ ಪ್ರತಿ ಮೇಸ್ತ್ರಿ, ಪ್ಲಂಬರು, ಎಲೆಕ್ಟ್ರಿಷಿಯನ್ನು ಈ ವಾರ ಇಷ್ಟು ಮುಗಿಸುತ್ತೇನೆ ಎಂದು ತಾವೇ ಹೇಳಬೇಕು. ಶನಿವಾರ ಹೇಳಿದ್ದರಲ್ಲಿ ಪೂರ್ತಿ ಮುಗಿದದ್ದು ಎಷ್ಟು ಎಂದು ಎಣಿಸಬೇಕು. ಹತ್ತು ಹೇಳಿ ಆರು ಮುಗಿದರೆ ಶೇ. 60. ‘ಮುಕ್ಕಾಲು ಆಗಿದೆ’ ಎಂಬುದಕ್ಕೆ ಸೊನ್ನೆ. ಮುಗಿಯದ ನಾಲ್ಕಕ್ಕೆ ಕಾರಣ ಬರೆದಿಡಬೇಕು. ಮರಳು ಬರಲಿಲ್ಲ, ಡ್ರಾಯಿಂಗ್ ಬರಲಿಲ್ಲ, ಆಳು ಬರಲಿಲ್ಲ, ಮಳೆ.

ಎರಡು ತಿಂಗಳ ಕಾರಣಗಳನ್ನು ಒಟ್ಟು ಹಾಕಿದರೆ ನಿಮ್ಮ ಸೈಟಿನ ರೋಗ ಯಾವುದೆಂದು ಗೊತ್ತಾಗುತ್ತದೆ. ನಮ್ಮಲ್ಲಿ ಎಲ್ಲದಕ್ಕೂ ಮಳೆಯನ್ನೋ ಆಳನ್ನೋ ಕಾರಣ ಹೇಳುವ ರೂಢಿ ಇದೆ. ಒಡಿಶಾದ ಹುಡುಗರು ಊರಿಗೆ ಹೋದರು, ಉತ್ತರ ಕರ್ನಾಟಕದವರು ಬಿತ್ತನೆಗೆ ಹೋದರು, ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂತು. ಇವೆಲ್ಲ ನಿಜ, ಆದರೆ ಇವೆಲ್ಲ ಮೊದಲೇ ಗೊತ್ತಿರುವಂಥವು. ಬರೆದಿಟ್ಟ ಪಟ್ಟಿಯಲ್ಲಿ ‘ಬಾತ್‌ರೂಮಿನ ಪೈಪ್ ಎಲ್ಲಿ ಬರಬೇಕೆಂದು ಯಾರೂ ಹೇಳಲಿಲ್ಲ’ ಎಂಬುದು ಮತ್ತೆ ಮತ್ತೆ ಬಂದಾಗ ಮಾಲೀಕರಿಗೆ ತಮ್ಮ ಪಾಲೂ ಕಾಣುತ್ತದೆ.

ಹಳೆಯ ಅಂಕಿ ಸಿಗದಿರುವುದು ಇದರ ಕೊರತೆ, ಮೊದಲ ಆರು ವಾರ ಸುಮ್ಮನೆ ಎಣಿಸಬೇಕಾಗುತ್ತದೆ. ಮೇಸ್ತ್ರಿಗಳು ಹೆದರಿ ಕಡಿಮೆ ಕೆಲಸ ಒಪ್ಪಿಕೊಳ್ಳಬಹುದು. ಹಾಗಾಗಿ ಈ ಅಂಕಿಯನ್ನು ಸಂಬಳಕ್ಕೆ ಗಂಟು ಹಾಕಬೇಡಿ. ಸಾಧನಕ್ಕೆ ಗೋಡೆಯ ಮೇಲಿನ ಹಲಗೆ ಮತ್ತು ಅದರ ಫೋಟೊ ಸಾಕು. ಪ್ರೈಮಾವೆರಾದಂಥ ಯೋಜನೆ ಹಾಕುವ ಸಾಫ್ಟ್‌ವೇರ್ ದೊಡ್ಡ ಯೋಜನೆಗಳಿಗೆ. ಹನ್ನೆರಡು ಮನೆಗೆ ಅದನ್ನು ನಡೆಸುವವನ ಸಂಬಳವೇ ಹೊರೆ. ಮನೆ ಕೊಳ್ಳುವವರ ಹಿತ ಕಾಯುವ ರಿಯಲ್ ಎಸ್ಟೇಟ್ ಪ್ರಾಧಿಕಾರ ರೇರಾಕ್ಕೆ ಮೂರು ತಿಂಗಳಿಗೊಮ್ಮೆ ಪ್ರಗತಿ ತುಂಬಬೇಕಾದವರಿಗೆ, ಅಂದರೆ ಜಾಗ 500 ಚದರ ಮೀಟರ್ ದಾಟಿ ಮನೆಗಳೂ ಎಂಟಕ್ಕಿಂತ ಹೆಚ್ಚಿದ್ದವರಿಗೆ, ಈ ವಾರದ ಲೆಕ್ಕ ನೇರ ನೆರವಾಗುತ್ತದೆ. ಕೊಳ್ಳುವವರಿಂದ ಬಂದ ಹಣದ ಶೇ. 70 ಪ್ರತ್ಯೇಕ ಖಾತೆಯಲ್ಲಿರುತ್ತದೆ, ಕೆಲಸ ಎಷ್ಟಾಗಿದೆಯೋ ಅಷ್ಟಕ್ಕೆ ಎಂಜಿನಿಯರ್, ಆರ್ಕಿಟೆಕ್ಟ್, ಸಿ.ಎ. ಪ್ರಮಾಣಪತ್ರ ಕೊಟ್ಟರೆ ಮಾತ್ರ ತೆಗೆಯಬಹುದು. ಮುಗಿದ ಕೆಲಸದ ಖಚಿತ ಲೆಕ್ಕವೇ ಅಲ್ಲಿ ದುಡ್ಡು.

ಕಾಂಕ್ರೀಟು ಸುರಿಯುವ ಮೊದಲು

ಒಂದು ಸೀಸನ್ನಿನಲ್ಲಿ ರೂಪಾಯಿ ತೋರಿಸದ, ಆದರೂ ನಾನು ಬಿಡಲು ಒಪ್ಪದ ಗುರಿ ಇದು. ಕಾರವಾರದಿಂದ ಭಟ್ಕಳದವರೆಗೆ ಸಮುದ್ರದ ಹತ್ತಿರದ ಹಳೆಯ ಕಟ್ಟಡಗಳ ಸಜ್ಜಾದ ಅಡಿ ನಿಂತು ತಲೆ ಎತ್ತಿ ನೋಡಿ. ಕಾಂಕ್ರೀಟು ಹಪ್ಪಳದಂತೆ ಎದ್ದು, ಒಳಗಿನ ರಾಡು ಕೆಂಪಗೆ ತುಕ್ಕು ಹಿಡಿದು ಕಾಣುವುದು ಎಷ್ಟು ಮನೆಗಳಲ್ಲಿ! ಉಪ್ಪುಗಾಳಿಗೆ, ಮಳೆಗೆ ತೆರೆದ ಕಾಂಕ್ರೀಟಿನಲ್ಲಿ ರಾಡಿನ ಮೇಲಿನ ಕವರ್, ಅಂದರೆ ರಾಡನ್ನು ಮುಚ್ಚಿರುವ ಕಾಂಕ್ರೀಟಿನ ಪದರ, ತೆಳ್ಳಗಿದ್ದರೆ ಉಪ್ಪು ಬೇಗ ಒಳಗೆ ತಲುಪುತ್ತದೆ. ತುಕ್ಕು ಹಿಡಿದ ರಾಡು ಉಬ್ಬುತ್ತದೆ, ಉಬ್ಬಿದ್ದು ಕಾಂಕ್ರೀಟನ್ನು ಒಡೆಯುತ್ತದೆ. ಕಾಂಕ್ರೀಟಿನ ಮಾನಕ ಐಎಸ್ 456 ಕರಾವಳಿ ಪರಿಸರಕ್ಕೆ ತೆರೆದ ಕಾಂಕ್ರೀಟನ್ನು ‘ತೀವ್ರ’ ವರ್ಗದಲ್ಲಿಟ್ಟು ಕನಿಷ್ಠ ಎಂ30 ದರ್ಜೆ, 45 ಮಿ.ಮೀ. ಕವರ್ ಕೇಳುತ್ತದೆ. ಸೈಟಿನಲ್ಲಿ ಎಷ್ಟೋ ಸಲ ಕವರ್ ಬ್ಲಾಕಿನ ಬದಲು ಜಲ್ಲಿಯ ಚೂರು ಇಟ್ಟಿರುತ್ತಾರೆ. ಕಾಂಕ್ರೀಟು ಸುರಿಯುವವರು ರಾಡು ತುಳಿದಾಗ ಅದು ಜಾರುತ್ತದೆ, ರಾಡು ಹಲಗೆಗೆ ತಾಗುತ್ತದೆ. ಹಲಗೆ ಬಿಚ್ಚಿ ಗಾರೆ ಹಚ್ಚಿದ ಮೇಲೆ ಯಾರಿಗೂ ಕಾಣದು.

ಅಳೆಯುವುದು ಹೀಗೆ: ಈ ಸೀಸನ್ನಿನ ಎಷ್ಟು ಸ್ಲ್ಯಾಬು, ತೊಲೆ, ಕಂಬಗಳಿಗೆ ಕಾಂಕ್ರೀಟು ಸುರಿಯುವ ಮೊದಲು ಕವರಿಗೆ ಸ್ಕೇಲ್ ಹಿಡಿದ ಫೋಟೊ ಇದೆ, ಎಷ್ಟಕ್ಕೆ 28ನೇ ದಿನದ ಕ್ಯೂಬ್ ವರದಿ ಕಡತದಲ್ಲಿದೆ, ಎಷ್ಟಕ್ಕೆ ಕ್ಯೂರಿಂಗ್, ಅಂದರೆ ನೀರುಣಿಸಿ ಒದ್ದೆ ಇಡುವುದು, ಪೂರ್ತಿ ಆಗಿದೆ. ಕ್ಯೂರಿಂಗ್ ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿಯಂಥ ಮಿಶ್ರ ಸಿಮೆಂಟಿಗೆ ಕನಿಷ್ಠ 10 ದಿನ. ಫೋಟೊ ಮೋಸಕ್ಕೆ ಎಡೆ ಕೊಡುತ್ತದೆ, ಒಂದೇ ಜಾಗದ್ದನ್ನು ನಾಲ್ಕು ಸಲ ಕಳಿಸಬಹುದು. ಚೌಕಟ್ಟಿನೊಳಗೆ ಸೀಮೆಸುಣ್ಣದಲ್ಲಿ ಕಂಬದ ನಂಬರು, ತಾರೀಖು ಬರೆದಿರಬೇಕು ಎಂದರೆ ಮುಗಿಯಿತು. ಹೊತ್ತು? ಒಂದು ಸ್ಲ್ಯಾಬಿಗೆ ಕಾಲು ತಾಸು. ಮನೆ ಕಟ್ಟಿಸುವ ಯಜಮಾನರಿಗೆ ಆ ಫೋಟೊಗಳ ಕಂತೆಯನ್ನು ಕೀಲಿಕೈ ಜೊತೆ ಕೊಡಿ. ಮುಂದಿನ ಮನೆ ನಿಮ್ಮ ಹೆಸರು ಹುಡುಕಿಕೊಂಡು ಬರಲು ನನಗೆ ಗೊತ್ತಿರುವ ಒಳ್ಳೆಯ ದಾರಿ ಅದು.

ಕಂಪ್ಯೂಟರಿನಲ್ಲಿ ಇಡೀ ಕಟ್ಟಡದ ಮಾದರಿ ಮಾಡುವ ಬಿಐಎಂ, ಡ್ರೋನ್ ಸರ್ವೆ ಬಗ್ಗೆಯೂ ಕೇಳುತ್ತಾರೆ. ಉದ್ದದ ರಸ್ತೆ, ಗುಡ್ಡ ಕಡಿಯುವ ಮಣ್ಣಿನ ಲೆಕ್ಕ ಇದ್ದವರಿಗೆ ಡ್ರೋನ್ ಅಳತೆಯನ್ನು ಬಾಡಿಗೆಗೆ ಮಾಡಿಸುವುದು ಸರಿ. ಉಳಿದವರು ಸದ್ಯಕ್ಕೆ ಬಿಡಬಹುದು.

ಯಾರಿಗೆ ಯಾವುದು, ಎಷ್ಟು ಖರ್ಚಿನಲ್ಲಿ

ಶಿರಸಿಯವರಿಗೆ ನಾನು ಹೇಳಿದ್ದು ಸಾಮಗ್ರಿಯ ತಾಳೆ, ಅದೂ ಮೊದಲ ಸೀಸನ್ನಿಗೆ ಸ್ಲ್ಯಾಬಿನ ಸಿಮೆಂಟು ಮತ್ತು ಕಬ್ಬಿಣ ಎರಡಕ್ಕೇ. ದುಡ್ಡು ಕೊಟ್ಟು ಏನನ್ನೂ ಕೊಳ್ಳುವುದು ಬೇಡ, ಒಂದು ಗೂಗಲ್ ಶೀಟು, ಸೈಟಿಗೊಂದು ವಾಟ್ಸಾಪ್ ಗುಂಪು, ಮೇಸ್ತ್ರಿಗೆ ಕನ್ನಡದಲ್ಲೇ ಬರೆಯುವ ಪುಸ್ತಕ. ಬರೆಯಲು ಬಾರದವರು ಧ್ವನಿ ಸಂದೇಶ ಕಳಿಸಲಿ, ಮಗ ಶೀಟಿಗೆ ಏರಿಸಲಿ. ಅವನ ಉತ್ಸಾಹಕ್ಕೂ ಕೆಲಸ ಸಿಕ್ಕಿತು.

ಕಾರವಾರದವರಿಗೆ ಬಿಲ್ ಸಲ್ಲಿಸುವ ದಿನಗಳು, ಜೊತೆಗೆ ಕವರ್ ಮತ್ತು ಕ್ಯೂಬ್. ಇವೆರಡೂ ಒಂದೇ ಫೋಟೊ, ಒಂದೇ ಫೋಲ್ಡರಿನಲ್ಲಿ ಸಾಗುವುದರಿಂದ ದುಪ್ಪಟ್ಟು ಶ್ರಮವಿಲ್ಲ. ಅವರು ಟ್ಯಾಲಿಯನ್ನು ಆಗಲೇ ಬಳಸುತ್ತಿದ್ದಾರೆ. ಸೈಟಿನ ಫೋಟೊ, ಅಳತೆ ಹಿಡಿಯುವ ಒಂದು ಸಣ್ಣ ಆ್ಯಪಿಗೆ ಖರ್ಚು ಮಾಡಿದರೆ ತಪ್ಪಲ್ಲ. ತಲೆಗಿಷ್ಟು ಎಂದು ದರ ಇರುವ ಆ್ಯಪ್ ಕೊಂಡವರು ಉಳಿತಾಯಕ್ಕೆಂದು ಐವರಿಗೆ ಒಂದೇ ಲಾಗಿನ್ ಕೊಡುವುದನ್ನು ಕಂಡಿದ್ದೇನೆ. ಬರೆದವರು ಯಾರೆಂದೇ ತಿಳಿಯದ ಅಂಕಿಯಿಂದ ಪ್ರಯೋಜನವಿಲ್ಲ. ಅದರ ಬದಲು ಸೈಟಿನ ಲೆಕ್ಕದಲ್ಲಿ ದರ ಹಾಕುವವರನ್ನು ಹುಡುಕಿ.

ಹೊನ್ನಾವರದವರಿಗೆ ವಾರದ ಮಾತು ಮತ್ತು ಕವರ್. ಅವರು ಖರೀದಿ, ಲೆಕ್ಕ, ಸೈಟು ಎಲ್ಲವನ್ನೂ ಒಂದೇ ಕಡೆ ನೋಡುವ ಇಆರ್‌ಪಿ ಸಾಫ್ಟ್‌ವೇರ್ ತರಿಸುವ ಯೋಚನೆಯಲ್ಲಿದ್ದಾರೆ. ಮುಂದಿನ ಯೋಜನೆ ಇದಕ್ಕಿಂತ ದೊಡ್ಡದಿದ್ದರೆ ಅದೂ ಸರಿ. ಆದರೆ ಕೊಳ್ಳುವ ಮೊದಲು ಎರಡು ಷರತ್ತು ಹಾಕಿ ಎಂದೆ. ತೋರಿಸಲು ಬಂದವರು ತಮ್ಮ ನಮೂನೆಯ ಅಂಕಿ ಬಿಟ್ಟು ನಿಮ್ಮ ಕಳೆದ ಸೀಸನ್ನಿನ ಒಂದು ಸ್ಲ್ಯಾಬಿನ ಲೆಕ್ಕವನ್ನು ಅದರಲ್ಲಿ ಹಾಕಿ ತೋರಿಸಬೇಕು. ನಾಳೆ ಬೇಡವೆಂದು ಬಿಟ್ಟರೆ ನಿಮ್ಮ ಎಲ್ಲ ಲೆಕ್ಕ ಎಕ್ಸೆಲ್ ಆಗಿ ನಿಮ್ಮ ಕೈಗೆ ಬರಬೇಕು, ಅದು ಕರಾರಿನಲ್ಲಿ ಇರಬೇಕು.

ಗುರಿಯನ್ನು ಬರೆಯುವುದು

ಒಂದು ಗುರಿ ಒಂದು ಸಾಲಿನಲ್ಲಿ ಮುಗಿಯಬೇಕು, ಅದರಲ್ಲಿ ಇಂದಿನ ಅಂಕಿ, ಮುಟ್ಟಬೇಕಾದ ಅಂಕಿ, ತಾರೀಖು, ಹೊಣೆ ಹೊತ್ತವರ ಹೆಸರು ಇರಬೇಕು. ‘ಬಿಲ್ಲಿಂಗ್ ಡಿಜಿಟಲ್ ಮಾಡುವುದು’ ಎಂದರೆ ಅದು ಆಸೆ. ‘ಹಂತ ಮುಗಿದ ದಿನದಿಂದ ಬಿಲ್ ಸಲ್ಲಿಸುವವರೆಗೆ ಈಗ 45 ದಿನ, ಫೆಬ್ರವರಿ ಕೊನೆಗೆ 15 ದಿನ, ಹೊಣೆ ಬಿಲ್ಲಿಂಗ್ ಎಂಜಿನಿಯರರದು’ ಎಂದರೆ ಗುರಿ. ಒಂದು ಸೀಸನ್ನಿಗೆ ಎರಡಕ್ಕಿಂತ ಹೆಚ್ಚು ಬೇಡ. ಶೇ. 12ರ ವ್ಯತ್ಯಾಸವನ್ನು ಒಂದೇ ಏಟಿಗೆ ಸೊನ್ನೆಗೆ ಇಳಿಸುತ್ತೇನೆ ಎಂದು ಬರೆಯಬೇಡಿ, ಸೈಟಿನಲ್ಲಿ ಒಂದಿಷ್ಟು ಸೋರಿಕೆ ಇದ್ದೇ ಇರುತ್ತದೆ, ಶೇ. 5ಕ್ಕೆ ತಂದರೂ ದೊಡ್ಡದು.

ತಾರೀಖು ಗೊತ್ತು ಮಾಡುವಾಗ ಇಲ್ಲಿಯ ಹವೆ ನೋಡಿ. ಏಪ್ರಿಲಿನಲ್ಲಿ ಶುರುವಾಗುವ ಲೆಕ್ಕದ ವರ್ಷ ನಮ್ಮ ಕೆಲಸಕ್ಕೆ ಹೊಂದುವುದಿಲ್ಲ, ಎರಡೇ ತಿಂಗಳಿಗೆ ಮಳೆ ಬಂದು ಎಲ್ಲ ತಲೆಕೆಳಗಾಗುತ್ತದೆ. ಚೌತಿಯೊಳಗೆ ಹಳೆಯ ಪುಸ್ತಕಗಳಿಂದ ಇಂದಿನ ಅಂಕಿ ತೆಗೆಯಿರಿ. ಮೂರು ಸ್ಲ್ಯಾಬ್, ಐದು ಬಿಲ್ಲು ಸಿಕ್ಕರೂ ಸಾಕು. ದೀಪಾವಳಿಗೆ ಗುರಿ ಬರೆದು ಸೈಟ್ ಶೆಡ್ಡಿನ ಒಳಗೆ, ಹಾಜರಿ ಪುಸ್ತಕ ಇಡುವ ಜಾಗದ ಮೇಲೆ ಅಂಟಿಸಿ. ಸಂಕ್ರಾಂತಿಗೆ ಒಮ್ಮೆ ನಿಂತು ನೋಡಿ. ಆಗಲೂ ಅಂಕಿ ಕದಲದಿದ್ದರೆ ಮೇಸ್ತ್ರಿಯನ್ನು ಕೂರಿಸಿಕೊಂಡು ಅವನು ಬರೆಯುವ ಪುಟವನ್ನು ಅವನ ಬಾಯಿಂದಲೇ ಓದಿಸಿ ಕೇಳಿ. ಯಾವ ಕಲಂ ಅವನಿಗೆ ಅರ್ಥವಾಗಿಲ್ಲವೋ ಅದನ್ನು ಆವತ್ತೇ ಹೊಡೆದುಹಾಕಿ, ಉಳಿದದ್ದರೊಂದಿಗೆ ಮೇ ತನಕ ನಡೆಸಿ.